ಕೈ ತೊಳೆದುಕೊಂಡು ಹಡಗು ಹತ್ತಿ

ಸೀನ ಕ್ರೂಸ್ ಟಿಕೆಟ್ ಬುಕ್ ಮಾಡಿದ ಸುದ್ದಿ ತಂದಾಗ ನಾವೆಲ್ಲ ನಮ್ಮ ಮನೆಯಲ್ಲಿ ಚಿಪ್ಸ್ ತಟ್ಟೆಯ ಸುತ್ತ ಕೂತಿದ್ದೆವು. ಒಂದೇ ದೊಡ್ಡ ತಟ್ಟೆ, ಅವನದೂ ಸೇರಿ ಐದು ಕೈ. ಏಳು ರಾತ್ರಿ, ಬಾಲ್ಕನಿ ಇರುವ ಕ್ಯಾಬಿನ್, ಗಂಡ ಹೆಂಡತಿ ಇಬ್ಬರೇ ಅಂತ ಅವನು ವರ್ಣಿಸುತ್ತಿದ್ದರೆ ಗುಂಡ ಕೇಳಿದ್ದು ಒಂದೇ ಪ್ರಶ್ನೆ.

“ಊಟ ಎಷ್ಟು ಹೊತ್ತಿಗೆ?”

“ಹೆಚ್ಚು ಕಡಿಮೆ ದಿನವಿಡೀ ಇರುತ್ತೆ. ಟಿಕೆಟ್‌ನಲ್ಲೇ ಸೇರಿದೆ.”

“ಮತ್ತೆ ಯಾಕೆ ಮುಖ ಹೀಗೆ ಮಾಡಿಕೊಂಡಿದ್ದೀಯ?”

ಸೀನನ ಮುಖ ನಿಜಕ್ಕೂ ರಜೆಗೆ ಹೊರಟವನ ಹಾಗಿರಲಿಲ್ಲ. ದುಡ್ಡು ಕಟ್ಟಿದ ರಾತ್ರಿಯೇ ಹಡಗುಗಳಲ್ಲಿ ನೂರಾರು ಜನಕ್ಕೆ ವಾಂತಿ ಭೇದಿ ಆದ ಸುದ್ದಿಗಳನ್ನೆಲ್ಲ ಹುಡುಕಿ ಹುಡುಕಿ ಓದಿದ್ದನಂತೆ. ಬೆಳಗ್ಗೆ ಎದ್ದವನೇ ಹೋಗಿ ಆರು ಬಾಟಲಿ ಸ್ಯಾನಿಟೈಸರ್ ತಂದಿದ್ದ. ಒಂದನ್ನು ನಮಗೂ ತೋರಿಸೋಣ ಅಂತ ಜೇಬಲ್ಲೇ ಇಟ್ಟುಕೊಂಡು ಬಂದಿದ್ದ.

“ಊಟ ಬಲ್ಲವನಿಗೆ ರೋಗವಿಲ್ಲ ಕಣೋ,” ಅಂದ ಗುಂಡ.

“ನೀನು ಊಟ ಬಲ್ಲವನಲ್ಲಪ್ಪ, ಊಟ ಬಿಡದವನು,” ಅಂದರು ಪದ್ಮಕ್ಕ.

ಪದ್ಮಕ್ಕ ನರ್ಸ್ ಆಗಿದ್ದು ನಿವೃತ್ತರಾದವರು. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಉಗುರು ನೋಡುತ್ತಾರೆ. ಇನ್ನು ನಾಣಿ. ಅವನು ನಮ್ಮಲ್ಲಿ ಕ್ರೂಸ್ ಹೋಗಿ ಬಂದ ಏಕೈಕ ಅನುಭವಸ್ಥ. ಹೋಗಿ ಬಂದು ಆರು ವರ್ಷವಾಯಿತು, ಇವತ್ತಿಗೂ ತನ್ನ ಮನೆಯ ಟೆರೇಸನ್ನು ಡೆಕ್ ಅನ್ನುತ್ತಾನೆ.

“ನಾನು ಹೇಳ್ತೀನಿ ಕೇಳು,” ಅಂತ ನಾಣಿ ಶುರು ಮಾಡಿದ. “ಕ್ಯಾಬಿನ್ ಎಲ್ಲಿ ಸಿಕ್ಕಿದೆ? ನಾನು ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಬೇಕು ಅಂತ ಕೇಳಿ ತೆಗೆದುಕೊಂಡಿದ್ದೆ. ಸಮುದ್ರ ಚೆನ್ನಾಗಿ ಕಾಣಲಿ ಅಂತ.”

“ಕಂಡಿತಾ?”

“ಎರಡು ದಿನ ಬೇಸಿನ್ ಕಂಡಿತು.”

ಮಕ್ಕಳ ಪಾರ್ಕಿನಲ್ಲಿ ಆ ಕಡೆ ಈ ಕಡೆ ಏರಿಳಿಯುವ ಹಲಗೆ ಇರುತ್ತಲ್ಲ, ಹಡಗೂ ಹಾಗೇ ಅಂತ ಪದ್ಮಕ್ಕ ವಿವರಿಸಿದರು. ತುದಿಯಲ್ಲಿ ಕೂತವನು ಮೇಲೆ ಕೆಳಗೆ ಹೋಗುತ್ತಾನೆ, ನಡುವೆ ಕೂತವನಿಗೆ ಅಷ್ಟು ಗೊತ್ತಾಗುವುದಿಲ್ಲ. ಅದಕ್ಕೇ ಹಡಗಿನ ಮಧ್ಯಭಾಗ, ಕೆಳಗಿನ ಮಹಡಿ ಒಳ್ಳೆಯದು. ಆಮೇಲೆ ಕ್ಯಾಬಿನ್ ಒಳಗೆ ಮುದುಡಿ ಮಲಗಬಾರದು. ಡೆಕ್‌ಗೆ ಬಂದು ದೂರದ ದಿಗಂತ ನೋಡುತ್ತಾ ನಿಲ್ಲಬೇಕು.

“ಯಾಕಂದರೆ ಒಳಗಿದ್ದಾಗ ಕಣ್ಣು ಗೋಡೆ ನೋಡಿ ‘ನಾವು ನಿಂತಿದ್ದೀವಿ’ ಅನ್ನುತ್ತೆ. ಒಳಕಿವಿ ‘ಇಲ್ಲ, ತೂಗಾಡ್ತಾ ಇದ್ದೀವಿ’ ಅನ್ನುತ್ತೆ. ಮಿದುಳಿಗೆ ಯಾರ ಮಾತು ನಂಬಬೇಕೋ ತಿಳಿಯಲ್ಲ.”

“ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು,” ಅಂದೆ ನಾನು.

“ಹೂಂ. ಕೂಸು ಅಂದರೆ ಇಲ್ಲಿ ಹೊಟ್ಟೆ.”

ನಾಣಿಗೆ ತನ್ನ ವಾಂತಿಗೆ ಸ್ವಲ್ಪ ಘನತೆ ಬೇಕಿತ್ತು. ಬ್ರಿಟನ್ನಿನ ಮಹಾ ನೌಕಾ ಸೇನಾನಿ ನೆಲ್ಸನ್‌ಗೂ ಹಡಗು ಹತ್ತಿದರೆ ತಲೆ ಸುತ್ತುತ್ತಿತ್ತು, ಡಾರ್ವಿನ್ 1831ರಲ್ಲಿ ಬೀಗಲ್ ಹಡಗು ಹತ್ತಿದವನು 1836ರಲ್ಲಿ ಇಳಿಯುವ ತನಕ ಇದೇ ಗೋಳು ಪಟ್ಟ ಅಂತ ಹೇಳಿದ. ವಾಕರಿಕೆಗೆ ಇಂಗ್ಲಿಷಿನಲ್ಲಿರುವ ‘ನಾಸಿಯಾ’ ಅನ್ನುವ ಪದ ಹುಟ್ಟಿದ್ದೇ ಹಡಗಿಗಿರುವ ಗ್ರೀಕ್ ಪದದಿಂದ. ಆ ಗ್ರೀಕ್ ‘ನೌಸ್’ಗೂ ನಮ್ಮ ‘ನೌಕೆ’ಗೂ ನೆಂಟಸ್ತಿಕೆ ಇದೆ. ಅಂದರೆ ನಾಣಿ ಬೇಸಿನ್ ಹಿಡಿದು ನಿಂತಾಗ ಮಾಡಿದ್ದು ಭಾಷಾಶಾಸ್ತ್ರ.

“ಮಾತ್ರೆ ತೆಗೆದುಕೊಳ್ಳಲಿಲ್ವಾ?” ಅಂತ ಸೀನ ಕೇಳಿದ.

“ಕಿವಿಯ ಹಿಂದೆ ಅಂಟಿಸೋ ಪಟ್ಟಿ ಇತ್ತು. ಸ್ಕೋಪೊಲಮಿನ್ ಅಂತ, ಡಾಕ್ಟರ್ ಬರೆದುಕೊಟ್ಟಿದ್ದು. ಹಡಗು ಹೊರಡೋಕೆ ನಾಲ್ಕು ಗಂಟೆ ಮೊದಲೇ ಅಂಟಿಸಬೇಕಿತ್ತಂತೆ. ನಾನು ಹೊಟ್ಟೆ ತೊಳೆಸೋಕೆ ಶುರುವಾದ ಮೇಲೆ ಅಂಟಿಸಿದೆ. ಅಂಟಿಸಿದ ಕೈಯಲ್ಲೇ ಕಣ್ಣುಜ್ಜಿಕೊಂಡೆ. ಒಂದು ಕಣ್ಣಿನ ಪಾಪೆ ಇಷ್ಟು ದೊಡ್ಡದಾಯ್ತು. ಆ ಟ್ರಿಪ್ಪಿನ ಫೋಟೊಗಳನ್ನು ನಾನು ಯಾರಿಗೂ ತೋರಿಸಿಲ್ಲ, ಗಮನಿಸಿದ್ದೀರಾ?”

ಗಮನಿಸಿದ್ದೆವು. ಹೋಗೇ ಇಲ್ಲವೇನೋ ಅಂತ ಅನುಮಾನವೂ ಪಟ್ಟಿದ್ದೆವು.

ಸೀನನಿಗೆ ವಾಂತಿಗಿಂತ ಭೇದಿಯ ಭಯ ಜಾಸ್ತಿ. ಬಾಟಲಿಯನ್ನು ಮೇಜಿನ ಮೇಲಿಟ್ಟು, “ಇದಕ್ಕೇ ಇದನ್ನು ತಂದಿರೋದು. ನೋರೊವೈರಸ್‌ಗೆ,” ಅಂದ. ಗುಂಡ ಅದನ್ನೆತ್ತಿ ಮೂಸಿ ನೋಡಿದ.

“ನೋರೊಗೆ ಇದು ಪನ್ನೀರು ಚಿಮುಕಿಸಿದ ಹಾಗೆ,” ಅಂದರು ಪದ್ಮಕ್ಕ. “ಕೆಲವು ವೈರಸ್‌ಗೆ ಮೈಮೇಲೆ ಕೊಬ್ಬಿನ ಪೊರೆ ಇರುತ್ತೆ. ಸ್ಪಿರಿಟ್ ಬಿದ್ದರೆ ಅದು ಒಡೆದು ಸಾಯುತ್ತೆ. ಇದಕ್ಕೆ ಆ ಪೊರೆಯೇ ಇಲ್ಲ. ಬರೀ ಗಟ್ಟಿ ಪ್ರೊಟೀನ್ ಚಿಪ್ಪು. ಸೋಪು ನೀರು ಕೂಡ ಅದನ್ನು ಕೊಲ್ಲಲ್ಲ, ಕೈಯಿಂದ ಕೆಳಗೆ ಇಳಿಸಿ ಮೋರಿಗೆ ಕಳಿಸುತ್ತೆ. ಅದಕ್ಕೂ 20 ಸೆಕೆಂಡ್ ಉಜ್ಜಬೇಕು. ನೂರಕ್ಕಿಂತ ಕಮ್ಮಿ ಕಣ ಒಳಗೆ ಹೋದರೂ ಸಾಕು, ಒಂದೆರಡು ದಿನದಲ್ಲಿ ಮಲಗಿಸುತ್ತೆ.”

“ಆರು ಬಾಟಲಿ ತಂದಿದ್ದೀನಿ ಪದ್ಮಕ್ಕ.”

“ಬೇರೆ ಕ್ರಿಮಿಗಳಿಗೆ ಆಗುತ್ತೆ ಬಿಡು.”

ಪಾಪ, ಸೀನನ ಮುಖ ನೋಡಿ ಅವರಿಗೇ ಕನಿಕರ ಬಂತು. ಸಮಾಧಾನಕ್ಕೆ ಇನ್ನೊಂದು ಮಾತು ಹೇಳಿದರು. ನೋರೊ ಏನು ಹಡಗಿನಲ್ಲಿ ಹುಟ್ಟಿದ ಕೂಸಲ್ಲ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಅನ್ನುವ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಂದು, ಆ ಊರಿನ ಹೆಸರನ್ನೇ ಹೊತ್ತುಕೊಂಡಿತು. ವಿಜ್ಞಾನಿಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮುಖ ತೋರಿಸಿದ್ದು 1972ರಲ್ಲಿ. ಇವತ್ತಿಗೂ ಅಮೆರಿಕದಲ್ಲಿ ವರದಿಯಾಗುವ ನೋರೊ ಹಾವಳಿಗಳಲ್ಲಿ ಹಡಗಿನ ಪಾಲು ನೂರಕ್ಕೆ ಒಂದರಷ್ಟು ಮಾತ್ರ. ಆದರೆ ಹಡಗಿನವರು ಲೆಕ್ಕ ಒಪ್ಪಿಸಲೇಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 1975ರಿಂದ ಹಡಗುಗಳ ಶುಚಿತ್ವ ನೋಡುವ ಕಾರ್ಯಕ್ರಮ ನಡೆಸುತ್ತಿದೆ. ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ನೂರಕ್ಕೆ ಮೂವರಿಗೆ ಹೊಟ್ಟೆ ಕೆಟ್ಟರೆ ಹಡಗಿನ ಹೆಸರು ಸಮೇತ ಊರಿಗೆಲ್ಲ ಹೇಳುತ್ತಾರೆ. ಮನೆಯಲ್ಲಿ ಮೂವರಿಗೆ ಕೆಟ್ಟರೆ ಯಾರು ಸುದ್ದಿ ಮಾಡುತ್ತಾರೆ?

“ಹೇಳದೆ ಕೇಳದೆ ಬಂದು ಅಡುಗೆಮನೆ, ನೀರು, ಈಜುಕೊಳ ಎಲ್ಲ ನೋಡಿ ನೂರಕ್ಕೆ ಅಂಕ ಕೊಡ್ತಾರೆ. 85 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಫೇಲು. ನಿನ್ನ ಹಡಗು ಅಮೆರಿಕದ ಬಂದರಿಗೆ ಹೋಗೋದಾದರೆ ಅದರ ಅಂಕ ಎಷ್ಟು ಅಂತ ಇಂಟರ್‌ನೆಟ್‌ನಲ್ಲೇ ನೋಡಬಹುದು.”

“85 ತೆಗೆದರೂ ಫೇಲಾ?” ಗುಂಡನಿಗೆ ಸಂಕಟವಾಯಿತು. “ನಾನು ಯಾವ ಪರೀಕ್ಷೆಯಲ್ಲೂ 85 ಕಂಡಿಲ್ಲ. ಹಡಗಿಗೆ ಯಾರಾದರೂ ಸಮಾಧಾನ ಹೇಳಿ.”

ಇಲ್ಲಿಂದ ಮಾತು ಬಫೆಗೆ ಬಂತು. ಬರಲೇಬೇಕಿತ್ತು, ಗುಂಡ ಇದ್ದನಲ್ಲ. ಬಫೆ ಅಂದ ಕೂಡಲೇ ನಾಣಿಯ ಕಣ್ಣಲ್ಲಿ ಹಳೆಯ ಯುದ್ಧದ ನೆನಪು ತೇಲಿತು.

“ಬಾಗಿಲಲ್ಲೇ ಒಬ್ಬಳು ಸ್ಪ್ರೇ ಬಾಟಲಿ ಹಿಡಿದು ‘ವಾಶಿ ವಾಶಿ’ ಅಂತ ಹಾಡ್ತಾ ನಿಂತಿರುತ್ತಾಳೆ. ಅಕ್ಷರಶಃ ಕೈ ತೊಳೆದುಕೊಂಡು ನನ್ನ ಹಿಂದೆ ಬಿದ್ದಿದ್ದಳು. ಸರಿ, ಪಕ್ಕದ ಸಿಂಕಿನಲ್ಲಿ ಸೋಪು ಹಾಕಿ ತೊಳೆದೆ. ಒಳಗೆ ಹೋದೆ. ತಟ್ಟೆ ತೆಗೆದುಕೊಂಡೆ. ಇಕ್ಕಳ ಹಿಡಿದು ಬಡಿಸಿಕೊಂಡೆ.”

“ಆ ಇಕ್ಕಳವನ್ನು ನಿನಗಿಂತ ಮೊದಲು ಎಷ್ಟು ಜನ ಹಿಡಿದಿದ್ದರು?” ಅಂದರು ಪದ್ಮಕ್ಕ.

“ಅಲ್ಲೇ ನೋಡಿ ನನಗೆ ಜ್ಞಾನೋದಯವಾಗಿದ್ದು! ನನ್ನ ಮುಂದಿದ್ದವನು ಅಂಗೈಗೆ ಸೀನಿ, ಅದೇ ಕೈಯಲ್ಲಿ ಇಕ್ಕಳ ಹಿಡಿದು ಆಲೂಗಡ್ಡೆ ಆರಿಸ್ತಾ ಇದ್ದ. ಒಂದೊಂದನ್ನೂ ತಿರುಗಿಸಿ ತಿರುಗಿಸಿ, ಹೆಣ್ಣು ನೋಡೋಕೆ ಬಂದವನ ಹಾಗೆ. ಅವನು ಇಟ್ಟ ಇಕ್ಕಳ ನಾನು ಹಿಡಿದೆ. ಅಂದರೆ ನಾನು ಕೈ ತೊಳೆದು ಏನು ಪ್ರಯೋಜನ? ತೊಳೆಯಬೇಕಾದ್ದು ಬಡಿಸಿಕೊಂಡ ಮೇಲೆ ಅಲ್ವಾ? ತಟ್ಟೆಯನ್ನು ಟೇಬಲ್ ಮೇಲಿಟ್ಟು ಸಿಂಕಿಗೆ ಹೋದೆ. 20 ಸೆಕೆಂಡ್ ಎಣಿಸಿದೆ. ವಾಪಸ್ ಬಂದರೆ ತಟ್ಟೆ ಇಲ್ಲ.”

“ಯಾರು ತಿಂದರು?” ಗುಂಡ ಎದ್ದೇ ನಿಂತ.

“ಯಾರೂ ತಿಂದಿಲ್ಲ. ಎದ್ದು ಹೋದವನು ಊಟ ಮುಗಿಸಿದ ಅಂತ ಅಲ್ಲಿಯವರು ಎತ್ತಿಬಿಟ್ಟಿದ್ದರು. ಬಹಳ ಚುರುಕು ಜನ. ಮತ್ತೆ ಹೋದೆ, ಮತ್ತೆ ಇಕ್ಕಳ, ಮತ್ತೆ ಕೈ, ಮತ್ತೆ ಸಿಂಕು. ವಾಪಸ್ ಬಂದರೆ ಟೇಬಲ್ ಒರೆಸಿ ಹೊಸ ಚಮಚ ಇಟ್ಟಿದ್ದರು. ಮೂರನೇ ಸಲ ತಟ್ಟೆ ಹಿಡಿದುಕೊಂಡೇ ಸಿಂಕಿಗೆ ಹೋದೆ. ಒಂದು ಕೈಯಲ್ಲಿ ತಟ್ಟೆ ಇಟ್ಟುಕೊಂಡು ಇನ್ನೊಂದು ಕೈಯನ್ನು ಹೇಗೆ ತೊಳೆಯೋದು ಹೇಳಿ? ಸೊಂಟಕ್ಕೆ ಉಜ್ಜಿಕೊಂಡೆ.”

ನಾವು ನಕ್ಕು ಮುಗಿಸಲು ಸುಮಾರು ಹೊತ್ತು ಹಿಡಿಯಿತು. ಗುಂಡ ಮಾತ್ರ ನಗಲಿಲ್ಲ. ಎರಡು ತಟ್ಟೆ ಅನ್ನ ನೀರುಪಾಲಾದ ಕಥೆ ಅವನಿಗೆ ದುರಂತ.

ಸೀನ ಇದನ್ನು ಗಂಭೀರವಾಗಿ ಬರೆದುಕೊಳ್ಳುತ್ತಿದ್ದ. ಹೆಂಡತಿಯನ್ನು ತಟ್ಟೆಗೆ ಕಾವಲಿಟ್ಟು ತಾನು ತೊಳೆಯುವುದು, ಆಮೇಲೆ ಅದಲು ಬದಲು. ಇಲ್ಲವಾದರೆ ಫೋರ್ಕಿನಲ್ಲೇ ತಿನ್ನುವುದು, ಕೈಗೆ ಕೆಲಸವೇ ಕೊಡದಿರುವುದು. ಅದಕ್ಕಿಂತ ಸುಲಭ ಇದೆ ಅಂದರು ಪದ್ಮಕ್ಕ. ಬಫೆ ಬಿಟ್ಟು, ಕೂತಲ್ಲಿಗೆ ತಂದು ಬಡಿಸುವ ಊಟದ ಹಾಲ್‌ಗೆ ಹೋಗುವುದು. ಕಾಯಿಲೆ ಹರಡುತ್ತಿದೆ ಅನ್ನಿಸಿದರೆ ಹಡಗಿನವರೇ ಇಕ್ಕಳ ಕಿತ್ತುಕೊಂಡು ತಾವೇ ಬಡಿಸಲು ನಿಲ್ಲುತ್ತಾರೆ.

“ಬೇರೆಯವರು ಬಡಿಸಿದರೆ ಎರಡನೇ ಸಲ ಕೇಳೋಕೆ ನಾಚಿಕೆಯಾಗುತ್ತೆ,” ಅಂದ ಗುಂಡ. ಅವನಿಗೆ ನಾಚಿಕೆಯಾದದ್ದನ್ನು ನಾವು ಯಾರೂ ಈ ತನಕ ನೋಡಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಗಾದೆ ಇವನನ್ನು ನೋಡಿಯೇ ಮಾಡಿದ್ದಿರಬೇಕು, ಅಪ್ಪನ ಪಾಲನ್ನೂ ಇವನೇ ತಿನ್ನುತ್ತಾನೆ ಅನ್ನುವುದೊಂದು ಬಿಟ್ಟು.

ನಡುವೆ ರೇಲಿಂಗ್ ವಿಷಯದಲ್ಲಿ ಒಂದು ಸಣ್ಣ ಜಗಳವೂ ಆಯಿತು. ಎಲ್ಲರೂ ಮುಟ್ಟುವ ಮೆಟ್ಟಿಲ ಕಂಬಿ ಮುಟ್ಟಲೇಬಾರದು ಅಂತ ಸೀನ. ಹಡಗು ತೂಗುವಾಗ ಹಿಡಿಯದಿದ್ದರೆ ಉರುಳಿ ಬೀಳುತ್ತೀಯ ಅಂತ ನಾಣಿ. ಪದ್ಮಕ್ಕ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಹಿಡಿದುಕೋ, ಆಮೇಲೆ ತೊಳೆದುಕೋ. ಮುರಿದ ಸೊಂಟ ಸೋಪಿಗೆ ಹೋಗಲ್ಲ.”

ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವ ಆಸೆ ಸೀನನಿಗಿತ್ತು. ಅದಕ್ಕೂ ಕಲ್ಲು ಬಿತ್ತು. ಸರಿಯಾಗಿ ಕ್ಲೋರಿನ್ ಹಾಕದಿದ್ದರೆ ಆ ಬೆಚ್ಚನೆ ನೀರಲ್ಲಿ ಲೀಜನೆಲ್ಲ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು, ನೊರೆಯ ಮೇಲೇಳುವ ಹಬೆಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ಬಂದು ಹೆಸರು ಮಾಡಿದ ರೋಗ ಅದು. ಐವತ್ತು ದಾಟಿದವರು, ಸಿಗರೇಟು ಸೇದುವವರು ಸ್ವಲ್ಪ ಹುಷಾರು ಅಂದರು ಪದ್ಮಕ್ಕ. ಸೀನ ಐವತ್ತೊಂದು. ಸಿಗರೇಟು ಬಿಟ್ಟಿದ್ದೇನೆ ಅನ್ನುತ್ತಾನೆ.

“ಇನ್ನು ಕೆಮ್ಮು, ಜ್ವರ. 2020ರಲ್ಲಿ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ನೆನಪಿದೆಯಲ್ಲ? ಹಡಗಿನಲ್ಲಿದ್ದವರು 3,711 ಜನ. ಏಳುನೂರಕ್ಕೂ ಜಾಸ್ತಿ ಜನಕ್ಕೆ ಕೋವಿಡ್ ಬಂತು.”

ಆ ಮಾತಿಗೆ ಎಲ್ಲರ ಕೈಯೂ ಒಂದು ಕ್ಷಣ ತಟ್ಟೆಯಿಂದ ಹಿಂದೆ ಬಂತು. ಗುಂಡನದು ಬಿಟ್ಟು. ಫ್ಲೂ ಲಸಿಕೆ ಹೊರಡುವುದಕ್ಕೆ ಎರಡು ವಾರ ಮೊದಲೇ ಹಾಕಿಸಿಕೋ, ಅದು ಮೈಗೆ ಹತ್ತುವುದಕ್ಕೆ ಅಷ್ಟು ದಿನ ಬೇಕು ಅಂತ ಪದ್ಮಕ್ಕ ಸೀನನಿಗೆ ಬರೆಸಿದರು. ಕ್ವಾರಂಟೈನ್ ಅನ್ನುವ ಪದ ಬಂದದ್ದು ಇಟಲಿಯಲ್ಲಿ ನಲವತ್ತಕ್ಕಿರುವ ಪದದಿಂದ, ಪ್ಲೇಗಿನ ಕಾಲದಲ್ಲಿ ವೆನಿಸ್‌ನವರು ಹಡಗುಗಳನ್ನು 40 ದಿನ ದೂರದಲ್ಲೇ ನಿಲ್ಲಿಸುತ್ತಿದ್ದರು ಅಂತ ನಾಣಿ ಸೇರಿಸಿದ.

“40 ದಿನ, ಊಟ ಸೇರಿ?” ಅಂದ ಗುಂಡ.

ಯಾರೂ ಉತ್ತರ ಕೊಡಲಿಲ್ಲ.

ಪದ್ಮಕ್ಕನ ಗಮನ ಆಗಲೇ ಸೀನನ ಬ್ಯಾಗಿಗೆ ಹೋಗಿತ್ತು. ಬಿಪಿ ಮಾತ್ರೆ ಎಲ್ಲಿಟ್ಟುಕೊಳ್ಳುತ್ತೀಯ ಅಂತ ಕೇಳಿದರು. ದೊಡ್ಡ ಸೂಟ್‌ಕೇಸಿನಲ್ಲಿ ಅಂದ. ತಪ್ಪು. ಆ ಸೂಟ್‌ಕೇಸನ್ನು ಬಂದರಿನಲ್ಲೇ ತೆಗೆದುಕೊಂಡು ಹೋಗುತ್ತಾರೆ, ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆ ಆಗಬಹುದು. ಮಾತ್ರೆ, ಚೀಟಿ ಎರಡೂ ಕೈಚೀಲದಲ್ಲಿರಬೇಕು. ಮತ್ತೆ ಇನ್ಶೂರೆನ್ಸ್, ಅದರಲ್ಲೂ ನಡುಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರುವಂಥದ್ದು.

“ಹಡಗಿನಲ್ಲೇ ಡಾಕ್ಟರು ಇರ್ತಾರಲ್ಲ?”

“ಇರ್ತಾರೆ. ಊಟ ಟಿಕೆಟ್‌ನಲ್ಲಿ ಸೇರಿದೆ, ಡಾಕ್ಟರು ಸೇರಿಲ್ಲ. ಬಿಲ್ಲು ಬೇರೆ.”

ಆಮೇಲೆ ಅವರು ಸೀನನನ್ನೇ ದಿಟ್ಟಿಸಿ ನೋಡಿ ಕೇಳಿದರು. “ಮೂರನೇ ದಿನ ನಿನಗೇ ಹೊಟ್ಟೆ ಕೆಟ್ಟಿತು ಅಂದುಕೋ. ಏನು ಮಾಡ್ತೀಯ?”

ಸೀನ ತಲೆ ಕೆರೆದುಕೊಂಡ. “ನಿಜ ಹೇಳಲಾ? ಯಾರಿಗೂ ಹೇಳಲ್ಲ. ಹೇಳಿದರೆ ಕ್ಯಾಬಿನ್ನಿನಲ್ಲಿ ಕೂಡಿಹಾಕ್ತಾರಂತೆ. ದ್ವೀಪ ನೋಡೋಕೆ ಕಟ್ಟಿದ ದುಡ್ಡು ಹೋಗುತ್ತೆ. ಮಾತ್ರೆ ನುಂಗಿ ಸುಮ್ನೆ ಬಫೆಗೆ ಹೋಗ್ತೀನಿ.”

“ನೋಡಿದಿರಾ? ನಾಣಿಯ ಇಕ್ಕಳ ಹಿಡಿದಿದ್ದು ಇವನೇ.” ಪದ್ಮಕ್ಕ ನಗಲಿಲ್ಲ. “ಹಡಗಿಗೆ ಹಡಗೇ ಮಲಗೋದು ಇದರಿಂದಲೇ ಕಣಪ್ಪ. ಮೊದಲು ಫೋನ್ ಮಾಡಿ ಡಾಕ್ಟರಿಗೆ ಹೇಳಬೇಕು, ಕ್ಯಾಬಿನ್ ಬಿಟ್ಟು ಬರಬಾರದು. ವಾಂತಿ ಭೇದಿ ನಿಂತ ಮೇಲೂ ಎರಡು ದಿನ ದೂರ ಇರಬೇಕು. ಪೂರ್ತಿ ವಾಸಿಯಾದ ಮೇಲೂ ಎರಡು ವಾರ, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ, ವೈರಸ್ ಹೊಟ್ಟೆಯಿಂದ ಹೊರಗೆ ಹೋಗ್ತಾನೇ ಇರುತ್ತೆ.”

ಚಿಪ್ಸ್ ಹಿಡಿದಿದ್ದ ಗುಂಡನ ಕೈ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಆ ಕೈ ಅಲ್ಲಿ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

“ಎರಡು ವಾರಾನಾ?”

“ಯಾಕೋ?”

“ಏನಿಲ್ಲ. ಮೊನ್ನೆ ಗುರುವಾರ ನನಗೆ ಸ್ವಲ್ಪ... ನಮ್ಮನೆಯಲ್ಲಿ ಎಲ್ಲರಿಗೂ ಸ್ವಲ್ಪ... ಈಗ ಸರಿಹೋಗಿದೆ ಬಿಡಿ. ಪೂರ್ತಿ ಸರಿಹೋಗಿದೆ.”

ಯಾರೂ ಅಲ್ಲಾಡಲಿಲ್ಲ. ಐದು ಜನರ ಕಣ್ಣೂ ತಟ್ಟೆಯ ಮೇಲೆ. ಮುಕ್ಕಾಲು ಭಾಗ ಖಾಲಿಯಾಗಿತ್ತು.

“ಈಗ ಒಳಗೆ ಹೋಗಿ ಬಂದೆಯಲ್ಲ,” ಪದ್ಮಕ್ಕ ಬಹಳ ಮೆಲ್ಲಗೆ ಕೇಳಿದರು, “ಕೈ ತೊಳೆದೆಯಾ?”

“ತೊಳೆಯೋದೇನು, ಸ್ಯಾನಿಟೈಸರ್‌ನೇ ಹಾಕಿಕೊಂಡೆ,” ಅಂದ ಗುಂಡ ಹೆಮ್ಮೆಯಿಂದ. “ಸೀನನದು.”

ನಮ್ಮ ಮನೆಯಲ್ಲಿ ಸಿಂಕು ಒಂದೇ. ಮೊದಲು ತಲುಪಿದ್ದು ಪದ್ಮಕ್ಕ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರಾದರೂ. ಅವರು ಉಗುರಿನ ಸಂದಿ, ಹೆಬ್ಬೆರಳಿನ ಬುಡ ಎಲ್ಲ ಉಜ್ಜುತ್ತಾ ಗಟ್ಟಿಯಾಗಿ ಒಂದರಿಂದ ಎಣಿಸತೊಡಗಿದರು. ಹಿಂದೆ ಸೀನ, ಅವನ ಹಿಂದೆ ನಾಣಿ, ಕೊನೆಯಲ್ಲಿ ಮನೆ ಯಜಮಾನನಾದ ನಾನು. ಸೀನನ ಸರದಿ ಬಂದಾಗ ನಾಣಿ ಹಿಂದಿನಿಂದ ಹದಿಮೂರು, ಹದಿನೇಳು, ಇಪ್ಪತ್ತು ಅಂತ ಹಾರಿಸಿ ಎಣಿಸಿದ. ಅದಕ್ಕೆ ಅವರಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು.

ಒಳಗಿನಿಂದ ಗುಂಡ ಕೂಗಿ ಕೇಳಿದ. “ನೀವು ಯಾರೂ ತಿನ್ನಲ್ಲ ಅಂದರೆ ಇದನ್ನು ನಾನೇ ಮುಗಿಸಲಾ?”