ಕಾಂಬಿನೇಷನ್ ಥೆರಪಿಗೆ ಕನ್ನಡದಲ್ಲಿ ಏನೆನ್ನುವುದು? (ತುರ್ತು)

ಬಳಗಕ್ಕೆ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯ ಗೋಡೆಗೆ ಹೃದಯಾಘಾತದ ಪೋಸ್ಟರ್ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಕ್ತನಾಳದಲ್ಲಿ ಕಟ್ಟಿದ ಹೆಪ್ಪಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮವನ್ನು ‘ಸಂಯುಕ್ತ ಔಷಧ ಚಿಕಿತ್ಸೆ’ ಎಂದು ಬರೆದೆ. ಕರಡು ಓದಿದ ನರ್ಸ್, ‘ಸಂಯುಕ್ತವೇ? ಇದು ಯಾವ ಪಕ್ಷ?’ ಎಂದು ನಕ್ಕರು. ಬೇರೆ ಪದವಿದ್ದರೆ ತಿಳಿಸಿ.

ಮರು: ಮೊದಲು ‘ಹೆಪ್ಪು’ ಸರಿಪಡಿಸಿಕೊಳ್ಳಿ. ಹಾಲಿಗೆ ಹಾಕುವುದು ಹೆಪ್ಪು. ಕಟ್ಟಿ ಗಟ್ಟಿಯಾದದ್ದು ಗರಣೆ. ಕರಗಬೇಕಾದದ್ದು ಗರಣೆ. ಅದನ್ನು ‘ರಕ್ತಗರಣೆ’ ಎಂದೀರಿ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸವಾಗುತ್ತದೆ. ನೆತ್ತರುಗರಣೆ, ಕೂಡುಮದ್ದು. ಮುಗಿಯಿತು.

ಮರು: ಮುಗಿಯಲಿಲ್ಲ. ಬಿರುದಾವಳಿಗೆ ‘ಶಬ್ದಮಣಿದರ್ಪಣ’ದ ಕೇಶಿರಾಜನೇ ಅರಿಸಮಾಸದ ವಿನಾಯಿತಿ ಕೊಟ್ಟಿದ್ದಾನೆ. ಎದೆ ಹಿಡಿದುಕೊಂಡು ಬಂದವನಿಗೂ ಕೊಡೋಣ. ವೈದ್ಯನಾಗಿ ನನ್ನ ತಕರಾರು ‘ಸಂಯುಕ್ತ’ದ ಮೇಲೆ. ಎರಡು ಕೂಡಿ ಮೂರನೆಯದಾದರೆ ಸಂಯುಕ್ತ. ಇಲ್ಲಿ ಯಾವುದೂ ಬೆರೆಯುವುದಿಲ್ಲ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ನಮ್ಮದೇ ರಕ್ತದ ಪ್ಲಾಸ್ಮಿನ್ ಎಂಬ ಕಿಣ್ವವನ್ನು ಎಬ್ಬಿಸಿ, ಹೆಪ್ಪನ್ನು ಹಿಡಿದಿಡುವ ಫೈಬ್ರಿನ್ ಎಳೆಗಳ ಬಲೆಯನ್ನು ಕತ್ತರಿಸುತ್ತದೆ. ಆಸ್ಪಿರಿನ್, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್ಲೆಟ್ಟುಗಳು ಮತ್ತೆ ಅಂಟಿಕೊಳ್ಳದಂತೆ ತಡೆಯುತ್ತದೆ. ಹೃದಯಾಘಾತಕ್ಕೆ ಈ ಎರಡನ್ನೂ ಪರೀಕ್ಷಿಸಿ 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಐದು ವಾರದೊಳಗೆ ಹೃದಯ, ರಕ್ತನಾಳಗಳ ಕಾರಣದಿಂದ ಸತ್ತವರು ಎರಡೂ ಸಿಗದವರಲ್ಲಿ ಶೇ 13.2, ಒಂದೇ ಸಿಕ್ಕವರಲ್ಲಿ ಶೇ ಹತ್ತೂವರೆಯ ಆಸುಪಾಸು, ಎರಡೂ ಸಿಕ್ಕವರಲ್ಲಿ ಶೇ 8. ಒಂದರ ದುಡಿಮೆ ಇನ್ನೊಂದಕ್ಕೆ ಅಡ್ಡಬರಲಿಲ್ಲ. ‘ಜೋಡಿಮದ್ದು’ ಎನ್ನಿ. ‘ರಕ್ತ ತೆಳುಮಾಡುವ ಮಾತ್ರೆ’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ, ರಕ್ತ ತೆಳುವಾಗುವುದಿಲ್ಲ.

ಮರು: ಫೈಬ್ರಿನ್, ಪ್ಲಾಸ್ಮಿನ್, ಪ್ಲೇಟ್ಲೆಟ್ಟು! ಡಾಕ್ಟರು ಬರೆದದ್ದರಲ್ಲಿ ಕ್ರಿಯಾಪದವಷ್ಟೇ ಕನ್ನಡ. ಪ್ಲೇಟ್ಲೆಟ್ಟಿಗೆ ‘ಕಿರುತಟ್ಟೆ’ ಎನ್ನಲು ಏನು ಕಷ್ಟ? ಸಾಲ ತಂದವನಿಗೆ ಮನೆಯ ಕಣಜ ಕಾಣುವುದಿಲ್ಲ.

ಮರು: ಕಿರುತಟ್ಟೆ ಎಷ್ಟಿದೆ ನೋಡು ಎಂದರೆ ಲ್ಯಾಬಿನ ಹುಡುಗ ಇಡ್ಲಿ ತಂದಾನು.

ಮರು: ಎಲ್ಲರಿಗೂ ವಂದನೆ. ‘ಜೋಡಿ’ ಹೊಂದುವುದಿಲ್ಲ. ನನ್ನ ಮೂಲದಲ್ಲಿ ನಾಲ್ಕು ಔಷಧಗಳಿವೆ: ಟೆನೆಕ್ಟೆಪ್ಲೇಸ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಹೆಪಾರಿನ್. ಕೊನೆಗೆ ಹೆಸರನ್ನೇ ಕೈಬಿಟ್ಟು ಹೀಗೆ ಬರೆದೆ: ‘ಕಟ್ಟಿದ ಗರಣೆ ಕರಗಲು ಒಂದು ಔಷಧ, ಮತ್ತೆ ಕಟ್ಟದಿರಲು ಬೇರೆ ಔಷಧಗಳು. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ.’ ಗರಣೆ ಯಾರಿಗೆ ಅರ್ಥವಾಗುತ್ತದೆ ಎಂದು ನರ್ಸ್ ಅದನ್ನು ‘ಹೆಪ್ಪು’ ಎಂದು ತಿದ್ದಿದ್ದಾರೆ. ಹಾಗೆಯೇ ಅಚ್ಚಿಗೆ ಕಳುಹಿಸಿದೆ.

ಮರು: ಇನ್ನು ಮೊಸರನ್ನೂ ಹೆಪ್ಪು ಎಂದೇ ಕರೆಯಿರಿ.