ಗಾಣಗಾಪುರದ ಸೈಕಲ್ ಸವಾರಿಯೂ ಕಿಸೆಯಲ್ಲಿನ ಫೋನೂ

ಎಲ್ಲರಿಗೂ ಶರಣು ಶರಣಾರ್ಥಿ. ನಿನ್ನೆ ರಾತ್ರಿ ಅಳಿಯ ಇದೇ ಗ್ರೂಪಿನಲ್ಲಿ ಕೇಳಿದ ಪ್ರಶ್ನೆಗೂ ಅದರ ಕೆಳಗೆ ಅಕ್ಕ ಹಾಕಿದ ಮಾತಿಗೂ ಒಟ್ಟಿಗೇ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿನಲ್ಲಿ ಕೇಳಿರಿ. ಗೆಳೆಯರ ಜೊತೆ ಕಲಬುರಗಿಯಿಂದ ಗಾಣಗಾಪುರಕ್ಕೆ ಸೈಕಲ್ ಮೇಲೆ ಹೋಗಿ ಅದೇ ದಿನ ಮರಳುವುದಕ್ಕೆ ದಾರಿ ನೋಡಲೂ ಹೋದ ದೂರವನ್ನು ದಾಖಲಿಸಲೂ ಫೋನು ಸಾಕೇ, ಅಥವಾ ಹ್ಯಾಂಡಲ್‌ಗೆ ಹಾಕುವ ಬೇರೆ ಯಂತ್ರ ಕೊಳ್ಳಬೇಕೇ ಎಂಬುದು ಅವನ ಪ್ರಶ್ನೆ. ಹಿಂದಿನ ರವಿವಾರ ಸೇಡಂ ರಸ್ತೆಯಲ್ಲಿ ವಾಟ್ಸಾಪ್ ನಕ್ಷೆಯ ಮೇಲೆ ಅವನಿರುವ ಜಾಗ ತೋರಿಸುವ ಚುಕ್ಕಿ ಮಳಖೇಡದ ಹತ್ತಿರ ಬಹಳ ಹೊತ್ತು ನಿಂತಲ್ಲೇ ನಿಂತಿತ್ತು, ಫೋನು ಹತ್ತಲಿಲ್ಲ, ಹೀಗಿರುವಾಗ ಜಿಪಿಎಸ್ ನಂಬಿ ಮಗನನ್ನು ಹೇಗೆ ಕಳಿಸಲಿ ಎಂಬುದು ಅಕ್ಕನ ಮಾತು.

ಮೊದಲು ಅಕ್ಕನ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಅಳಿಯನ ಸವಾರಿ ಬಾಗಿಲು ದಾಟುವುದಿಲ್ಲ. ಅಕ್ಕಾ, ಆ ದಿನ ನಿಂತದ್ದು ಜಿಪಿಎಸ್ ಅಲ್ಲ, ಮೊಬೈಲ್ ನೆಟ್‌ವರ್ಕ್. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ ಒಂದೇ ಸಮನೆ ತಮ್ಮ ಸಮಯವನ್ನೂ ತಾವಿರುವ ಜಾಗವನ್ನೂ ಸಾರುತ್ತಿರುತ್ತವೆ. ಫೋನು ಕನಿಷ್ಠ 4 ಉಪಗ್ರಹಗಳ ಸಂಕೇತವನ್ನು ಹಿಡಿದು, ಪ್ರತಿಯೊಂದೂ ತನ್ನನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕದಿಂದ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಆಕಾಶವಾಣಿ ಕೇಳುತ್ತಿದ್ದಾಗ ರೇಡಿಯೋ ತಿರುಗಿ ಏನನ್ನೂ ಕಳಿಸುತ್ತಿರಲಿಲ್ಲವಲ್ಲ, ಫೋನು ಕೂಡ ಉಪಗ್ರಹದ ಮಾತನ್ನು ಕೇಳುತ್ತದೆಯೇ ಹೊರತು ಅದಕ್ಕೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಸಿಮ್ ಇಲ್ಲದಿದ್ದರೂ, ಡೇಟಾ ಮುಗಿದಿದ್ದರೂ, ಹೊಲದ ನಟ್ಟನಡುವೆ ಟವರ್ ಸಿಗದಿದ್ದರೂ ತಾನೆಲ್ಲಿದ್ದೇನೆ ಎಂಬುದು ಅವನ ಫೋನಿಗೆ ಗೊತ್ತಿರುತ್ತದೆ. ಆ ಸಂಗತಿ ನಿನ್ನ ಫೋನಿಗೆ ಬರಬೇಕಾದರೆ ಮಾತ್ರ ಅವನ ಕಡೆಯೂ ನೆಟ್‌ವರ್ಕ್ ಬೇಕು, ನಿನ್ನ ಕಡೆಯೂ ಬೇಕು. ಊರು ದಾಟಿ ತೊಗರಿ ಹೊಲಗಳ ನಡುವೆ ಹೊಕ್ಕರೆ ಸಿಗ್ನಲ್ ಎಷ್ಟು ಸಲ ಕೈಕೊಡುತ್ತದೆಂದು ನಮಗೆಲ್ಲ ಗೊತ್ತೇ ಇದೆ.

ಹಾಗಾಗಿ ಚುಕ್ಕಿ ನಿಂತಿತೆಂದರೆ ಹುಡುಗ ನಿಂತನೆಂದಲ್ಲ, ಅವನು ಬಿದ್ದನೆಂದಂತೂ ಅಲ್ಲವೇ ಅಲ್ಲ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ತೆರೆದಾಗ ಆ ಸ್ಥಳ ಎಷ್ಟು ಹೊತ್ತಿನ ಹಿಂದಿನದು ಎಂದು ಹೆಸರಿನ ಬಳಿ ಬರೆದಿರುತ್ತದೆ. ಮೊದಲು ಅದನ್ನು ಓದಬೇಕು, ಚುಕ್ಕಿಯನ್ನು ಆಮೇಲೆ ನೋಡಬೇಕು. ಹೊಸ ಸಮಯ ಬರುತ್ತಿದ್ದರೂ ಸ್ಥಳ ಬದಲಾಗದಿದ್ದರೆ ಅವನು ನಿಜಕ್ಕೂ ನಿಂತಿದ್ದಾನೆ, ಬಹುಶಃ ಚಹಾದ ಅಂಗಡಿಯಲ್ಲಿ. ಸಮಯವೇ ಹಳೆಯದಾಗಿದ್ದರೆ ಸುದ್ದಿ ಬಂದಿಲ್ಲ ಎಂದಷ್ಟೇ ಅರ್ಥ. ವಾಟ್ಸಾಪ್‌ನಲ್ಲಿ ಈ ಹಂಚಿಕೆಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರೇ ಅವಧಿಗಳಿದ್ದು, ಅವಧಿ ಮುಗಿದೊಡನೆ ಅದು ತಾನಾಗಿ ನಿಲ್ಲುತ್ತದೆ. 1 ಗಂಟೆಗೆ ಇಟ್ಟು ಹೊರಟವನ ಚುಕ್ಕಿ ನಡುದಾರಿಯಲ್ಲಿ ಮಾಯವಾದರೆ ಗಾಬರಿಯಾಗುವುದು ಸಹಜ. ಆದ್ದರಿಂದ ತಮ್ಮಾ, ನೀನು 8 ಗಂಟೆಗೇ ಇಡು, ಅದೂ ಅಮ್ಮನಿಗೆ ಮಾತ್ರ ಕಳಿಸು. ಈ ಗ್ರೂಪಿನಲ್ಲಿ ಹಾಕಿದರೆ ನೀನು ಎಲ್ಲಿ ನಿಂತೆ, ಏನು ತಿಂದೆ ಎಂದು ಹೈದರಾಬಾದಿನ ಕಾಕಾನವರೆಗೆ ಎಲ್ಲರೂ ವಿಚಾರಿಸುತ್ತಾರೆ, ಉತ್ತರ ಹೇಳುವುದರಲ್ಲೇ ನಿನ್ನ ಬ್ಯಾಟರಿ ಮುಗಿಯುತ್ತದೆ.

ಇಷ್ಟಾದರೂ ನನ್ನ ಅಭಿಪ್ರಾಯದಲ್ಲಿ ಚುಕ್ಕಿಗಿಂತ ಮಾತಾಡಿಕೊಂಡ ಜಾಗಗಳೇ ಹೆಚ್ಚು ಭರವಸೆಯವು. ಅಫಜಲಪುರ ರಸ್ತೆಯಲ್ಲಿ ಚೌಡಾಪುರ ಮುಟ್ಟಿದ ಮೇಲೆ ಒಂದು ಫೋನು, ಗುಡಿ ಮುಟ್ಟಿದ ಮೇಲೆ ಒಂದು, ಮರಳಿ ಹೊರಡುವಾಗ ಒಂದು ಎಂದು ಮೊದಲೇ ಒಪ್ಪಿಕೊಂಡರೆ ಅಮ್ಮ ಇಡೀ ಬೆಳಗು ಪರದೆ ನೋಡುತ್ತ ಕುಳಿತುಕೊಳ್ಳಬೇಕಾಗಿಲ್ಲ. ಡೇಟಾ ಸಿಗದೆ ಬರೀ ಒಂದು ಗೆರೆ ಸಿಗ್ನಲ್ ಇದ್ದಲ್ಲಿ ಸಾದಾ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಇರುತ್ತದೆ. ನಕ್ಷೆಯಲ್ಲಿ ನೀನಿರುವ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ ರೇಖಾಂಶದ ಅಂಕಿಗಳು ಬರುತ್ತವೆ, ಅವನ್ನೇ ಬರೆದು ಕಳಿಸಬಹುದು. ಬಿಂದುವಿನ ನಂತರ 4 ಅಂಕಿಗಳಿದ್ದರೆ ಸುಮಾರು 11 ಮೀಟರಿನಷ್ಟು ನಿಖರವಾಗಿ ಜಾಗ ತಿಳಿಯುತ್ತದೆ. ದೇವರ ದಯೆಯಿಂದ ಬೇಕಾಗದಿರಲಿ, 112ಕ್ಕೆ ಕರೆ ಮಾಡುವ ಪ್ರಸಂಗ ಬಂದರೆ ‘ಇಂಥ ಊರು ದಾಟಿ ಒಂದು ಬೇವಿನ ಗಿಡದ ಹತ್ತಿರ’ ಎನ್ನುವುದಕ್ಕಿಂತ ಆ ಅಂಕಿಗಳನ್ನು ಹೇಳುವುದು ಉತ್ತಮ.

ಇನ್ನು ದಾರಿಯ ವಿಷಯ. ಗಾಣಗಾಪುರ ಎಂದು ಹುಡುಕಿದಾಗ ಗಾಣಗಾಪುರ ರೋಡ್ ಎಂಬ ರೈಲ್ವೆ ನಿಲ್ದಾಣವೂ ಪಟ್ಟಿಯಲ್ಲಿ ಬರುತ್ತದೆ; ಅದು ದತ್ತಾತ್ರೇಯನ ಗುಡಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಕಾರಿನಲ್ಲಿ ಹೋದವರಿಗೆ ಅಷ್ಟು ದೂರ ತಪ್ಪಿದರೆ ಅರ್ಧ ಗಂಟೆಯ ಮಾತು, ಸೈಕಲ್ ತುಳಿಯುವವನಿಗೆ ಅರ್ಧ ದಿನವೇ ಹೋಗುತ್ತದೆ. ಆದ್ದರಿಂದ ದೇವಲ ಗಾಣಗಾಪುರ ಎಂದು ಹುಡುಕಿ, ಭೀಮಾ ಅಮರ್ಜಾ ನದಿಗಳ ಸಂಗಮ ಪಕ್ಕದಲ್ಲಿ ಕಾಣುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು ಗುರುತು ಹಾಕಿಕೋ. ಮನೆಯ ವೈಫೈನಲ್ಲೇ ಅಷ್ಟು ಪ್ರದೇಶದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರು. ಗೂಗಲ್ ನಕ್ಷೆಯನ್ನು ಇಳಿಸಿಕೊಂಡರೆ ನೆಟ್ ಇಲ್ಲದಾಗ ಅದು ವಾಹನದ ದಾರಿಯನ್ನು ಹೇಳುತ್ತದೆ, ಸೈಕಲ್ಲಿನ ಮತ್ತು ನಡಿಗೆಯ ದಾರಿಯನ್ನು ಹೇಳುವುದಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಎಂಬ ಆ್ಯಪ್‌ಗಳು ನೆಟ್ ಇಲ್ಲದೆಯೂ ಸೈಕಲ್ ದಾರಿ ಹೇಳುತ್ತವೆ. ಇವೆರಡಕ್ಕೂ ಆಧಾರವಾದ ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾಗಿದ್ದು, ಜನಸಾಮಾನ್ಯರೇ ತುಂಬುವ ನಕ್ಷೆಯಾದ್ದರಿಂದ ತುಂಬುವವರಿಲ್ಲದ ಹಳ್ಳಿಗಳ ಕಡೆ ಅದು ಖಾಲಿ ಖಾಲಿಯಾಗಿ ಕಾಣಬಹುದು.

ಎಚ್ಚರ ಬೇಕಾದದ್ದು ಈ ಸೈಕಲ್ ದಾರಿಯ ವಿಷಯದಲ್ಲಿಯೇ. ನಕ್ಷೆ ದೂರ ಉಳಿಸುವ ಆಸೆಯಿಂದ ಡಾಂಬರು ಬಿಡಿಸಿ ಹೊಲದ ನಡುವಿನ ಬಂಡಿದಾರಿಗೆ ತಿರುಗಿಸಿದರೆ, ಬೇಸಿಗೆಯಲ್ಲಿ ಅದು ಧೂಳಿನ ದಾರಿಯಷ್ಟೇ. ಆದರೆ ಒಂದು ಮಳೆ ಬಿದ್ದ ಮರುದಿನ ನಮ್ಮ ಎರೆಮಣ್ಣು ಎಂಥದೆಂದು ನಿನಗೆ ನಾನು ಹೇಳಬೇಕೇ! ಹತ್ತು ಮಾರು ಹೋಗುವುದರೊಳಗೆ ಮಣ್ಣು ಟಯರಿಗೆ ಮೆತ್ತಿಕೊಂಡು, ಬ್ರೇಕಿನ ಸಂದಿಯಲ್ಲಿ ಸೇರಿ, ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ತಳ್ಳಲೂ ಬಾರದೆ, ಕೋಲಿನಿಂದ ಕೆರೆದು ಕೆರೆದು ಕೊನೆಗೆ ಸೈಕಲನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಬರಬೇಕಾಗುತ್ತದೆ. ಉಪಗ್ರಹಕ್ಕೆ ನೀನು ನಿಂತ ಜಾಗ ಗೊತ್ತು, ನಿನ್ನ ಕಾಲ ಕೆಳಗಿನ ಕೆಸರು ಗೊತ್ತಿಲ್ಲ. ಸೇತುವೆಗಳ ಮಾತೂ ಹಾಗೆಯೇ. ಬರುವಾಗ ಭೀಮಾ ದಾಟಿ ಜೇವರ್ಗಿ ಕಡೆಯಿಂದ ಸುತ್ತಿ ಬರೋಣವೆಂದು ನಿನ್ನ ಗೆಳೆಯರಲ್ಲಿ ಯಾರೋ ಹೇಳಿದರೆಂದು ಬರೆದಿದ್ದೀ. ಮಹಾರಾಷ್ಟ್ರದ ಕಡೆ ಮಳೆಯಾಗಿ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ದಾರಿಯ ಸೇತುವೆ ಮುಳುಗುತ್ತದೆ, ಕಾಗಿಣಾ ನದಿಯ ಮೇಲಿನ ದಂಡೋತಿಯ ಸೇತುವೆಯ ಕತೆಯೂ ಅದೇ. ನಕ್ಷೆಯಲ್ಲಿ ಮಾತ್ರ ಸೇತುವೆ ಯಾವಾಗಲೂ ನೀರಿನ ಮೇಲೆಯೇ ಇರುತ್ತದೆ. ಹೊರಡುವ ಮುನ್ನ ಆ ಊರಿನ ಅಂಗಡಿಯವರನ್ನು ಕೇಳಿಯೇ ನಿರ್ಧರಿಸು. ಮಳೆಗಾಲದಲ್ಲಾದರೆ ಚೌಡಾಪುರದ ಮೇಲೆ ಹೋಗಿ ಅಲ್ಲಿಂದಲೇ ಬರುವುದು ಲೇಸು.

ಫೋನನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿದ್ದೀಯಲ್ಲ, ನಾನು ಹ್ಯಾಂಡಲ್ ಬೇಡವೆನ್ನುತ್ತೇನೆ. ಪರದೆಯನ್ನು ಬಿಸಿಲಿನಲ್ಲಿ ಓದಲು ಪೂರ್ತಿ ಬೆಳಕು ಹೆಚ್ಚಿಸಬೇಕು, ಬ್ಯಾಟರಿಯನ್ನು ತಿನ್ನುವುದು ಜಿಪಿಎಸ್‌ಗಿಂತ ಹೆಚ್ಚಾಗಿ ಆ ಬೆಳಕೇ. ಐಫೋನುಗಳನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ, ನಮ್ಮಲ್ಲಿ ಬೇಸಿಗೆ 40 ದಾಟುತ್ತದೆ; ನೇರ ಬಿಸಿಲಿನಲ್ಲಿ ಕುಳಿತ ಫೋನು ಮೊದಲು ತನ್ನಷ್ಟಕ್ಕೆ ಮಂಕಾಗುತ್ತದೆ, ಆಮೇಲೆ ಬಂದ್ ಆಗುತ್ತದೆ. ಪವರ್ ಬ್ಯಾಂಕ್ ಚುಚ್ಚಿಟ್ಟರೆ ಇನ್ನೂ ಕಾಯುತ್ತದೆ, ಆದ್ದರಿಂದ ಚಾರ್ಜ್ ಮಾಡುವುದನ್ನು ನೆರಳಿನಲ್ಲಿ ಕುಳಿತಾಗ ಇಟ್ಟುಕೋ. ದೊಡ್ಡ ಮೋಟಾರ್ ಸೈಕಲ್ಲುಗಳ ಕಂಪನದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿ 2021ರಲ್ಲಿ ಎಚ್ಚರಿಸಿತ್ತು. ಸೈಕಲ್ಲಿನ ಕಂಪನ ಅಷ್ಟಿಲ್ಲವಾದರೂ ನಮ್ಮ ರಸ್ತೆಯ ತಗ್ಗುಗಳಲ್ಲಿ ಅಗ್ಗದ ಹೋಲ್ಡರಿನಿಂದ ಫೋನು ಹಾರಿ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಡ. ಪರದೆ ಆರಿಸಿ, ಧ್ವನಿಯನ್ನು ಮಾತ್ರ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೋ. ತಿರುವು ಬಂದಾಗ ಅದೇ ಕೂಗಿ ಹೇಳುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಮಾತ್ರ ಖಂಡಿತ ಬೇಡ. ಹಿಂದೆ ಬರುವ ಲಾರಿಯ ಸದ್ದು ಕೇಳಿಸಬೇಕು. ಸೇಡಂ ರಸ್ತೆಯ ಸಿಮೆಂಟ್ ಲಾರಿಗಳನ್ನು ನೀನೇ ನೋಡಿ ಬಂದಿದ್ದೀ.

ದೂರ ದಾಖಲಿಸುವ ಆ್ಯಪ್ ಸ್ಟ್ರಾವಾ ಆಗಲಿ ಬೇರೆ ಯಾವುದೇ ಆಗಲಿ, ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಇದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಅನೇಕ ಆಂಡ್ರಾಯ್ಡ್ ಫೋನುಗಳು ಅದನ್ನು ಹಿಂದಿನಿಂದ ಮುಚ್ಚಿಬಿಡುತ್ತವೆ. ನೀನು ಕಳಿಸಿದ ಮಳಖೇಡದ ಚಿತ್ರದಲ್ಲಿ ಗೆರೆ ರಸ್ತೆಯ ತಿರುವುಗಳನ್ನು ಬಿಟ್ಟು ಹೊಲದ ಮೇಲೆ ನೆಟ್ಟಗೆ ಹೋಗಿರುವುದು ಬಹುತೇಕ ಇದರಿಂದಲೇ: ನಡುವೆ ದಾಖಲಾಗದ ಭಾಗಕ್ಕೆ ಎರಡು ತುದಿಗಳನ್ನು ಆ್ಯಪ್ ನೇರವಾಗಿ ಜೋಡಿಸಿದೆ, ದೂರವೂ ಅಷ್ಟು ಕಡಿಮೆಯಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಗೆ ನಿರ್ಬಂಧವಿಲ್ಲ ಎಂದು ಗುರುತು ಹಾಕಿ, ಬ್ಯಾಟರಿ ಸೇವರ್ ಬಂದ್ ಇಟ್ಟು ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿ ನೋಡು. ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುವುದರಿಂದ ನಾಲ್ವರು ಗೆಳೆಯರ ಫೋನಿನಲ್ಲಿ ನಾಲ್ಕು ದೂರ ಬಂದರೆ ಜಗಳ ಮಾಡಬೇಡಿರಿ. ನಿಂತಾಗಲೂ ಜಾಗ ಅಲುಗಾಡಿದಂತೆ ಕಂಡು ಚಹಾದ ಅಂಗಡಿಯ ಮೇಲೆ ಗೆರೆಗಳ ಗೋಜಲು ಮೂಡುತ್ತದೆ, ನಿಂತಾಗ ದಾಖಲೆಯನ್ನೂ ತಾನಾಗಿ ನಿಲ್ಲಿಸುವ ‘ಆಟೋ ಪಾಝ್’ ಹಾಕಿದರೆ ಅದು ಕಡಿಮೆಯಾಗುತ್ತದೆ. ಮನೆಯ ಮುಂದಿನಿಂದ ಶುರುವಾಗುವ ಗೆರೆಯನ್ನು ಎಲ್ಲರಿಗೂ ತೋರಿಸಬೇಡ. ಸ್ಟ್ರಾವಾದ ನಕ್ಷೆಯಿಂದ ಸೈನಿಕ ನೆಲೆಗಳ ಗುಟ್ಟೇ 2018ರ ಜನವರಿಯಲ್ಲಿ ಹೊರಬಿದ್ದಿತ್ತು, ಇನ್ನು ನಮ್ಮ ಮನೆಯ ಮಾತೇನು. ಆರಂಭ ಮತ್ತು ಕೊನೆಯ ಭಾಗವನ್ನು ಮುಚ್ಚಿಡುವ ಆಯ್ಕೆ ಅದರಲ್ಲೇ ಇದೆ.

ಬೇರೆ ಯಂತ್ರದ ಬಗ್ಗೆ ಭಾವನವರು ಬೆಲೆ ಕೇಳಿದ್ದರು. ಹ್ಯಾಂಡಲ್‌ಗೆ ಹಾಕುವ ಜಿಪಿಎಸ್ ಯಂತ್ರಗಳ ಪರದೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ, ಬ್ಯಾಟರಿಯೂ ದಿನವಿಡೀ ಬರುತ್ತದೆ, ಆದರೆ ಒಳ್ಳೆಯದಕ್ಕೆ ಬಹಳ ಸಾವಿರ ಬೇಕು. ತಿಂಗಳಿಗೆ ಒಂದೆರಡು ಸಲ ಹೋಗುವವನಿಗೆ ಅದು ಈಗಲೇ ಬೇಡ. 10,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಇರಲಿ. ಅದರಲ್ಲಿ ಫೋನಿಗೆ ಸಿಗುವುದು ಸುಮಾರು ಮೂರನೇ ಎರಡು ಭಾಗ ಎಂಬ ಲೆಕ್ಕ ಇಟ್ಟುಕೊಂಡರೂ ಒಂದು ದಿನಕ್ಕೆ ಸಾಕು. ಉಳಿದ ಹಣದಲ್ಲಿ ಸೈಕಲ್ಲಿನ ಹಿಂದೆ ಒಳ್ಳೆಯ ಕೆಂಪು ದೀಪ ಹಾಕಿಸಿರಿ. ಎರಡು ಟ್ಯೂಬ್, ಒಂದು ಪಂಪ್ ಕೂಡ ತೆಗೆದುಕೊಳ್ಳಿರಿ, ಏಕೆಂದರೆ ಆ ದಾರಿಯ ಬದಿಗೆಲ್ಲ ಜಾಲಿ ಮುಳ್ಳು.