ಪದಚರ್ಚೆ: ರಕ್ತಗುಂಪುಗಳ ‘ವೇರಿಯೇಷನ್’ಗೆ ಫಲಕದ ಮೇಲೆ ಏನು ಬರೆಯಬೇಕು?

ಶಿರಸಿಯಿಂದ ಪ್ರಶ್ನೆ

ಮಾನ್ಯರೇ, ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೂ ಅದರ ಜೊತೆಗೇ ನಡೆಯುವ ರಕ್ತದಾನ ಶಿಬಿರಕ್ಕೂ ಒಂದೇ ದೊಡ್ಡ ಫಲಕ ಸಿದ್ಧವಾಗುತ್ತಿದೆ. ಇಂಗ್ಲಿಷಿನ ತಲೆಬರಹ ‘ಜೆನೆಟಿಕ್ ವೇರಿಯೇಷನ್ ಆಫ್ ಬ್ಲಡ್ ಗ್ರೂಪ್ಸ್ ವಿದಿನ್ ಎ ಪಾಪ್ಯುಲೇಶನ್’ ಎಂದಿದ್ದು, ಕನ್ನಡದ ಕರಡಿನಲ್ಲಿ ‘ಜನಸಂಖ್ಯೆಯಲ್ಲಿ ರಕ್ತದ ಗುಂಪುಗಳ ತಳಿ ರೂಪಾಂತರ’ ಎಂದು ಬಂದಿದೆ. ಕೆಳಗೆ ಎ, ಬಿ, ಎಬಿ, ಓ ಗುಂಪಿನವರು ನೂರಕ್ಕೆ ಎಷ್ಟು ಎಂಬ ಕೋಷ್ಟಕವಿದೆ, ಕೊನೆಯಲ್ಲಿ ‘ಬಾಂಬೆ ಗುಂಪು’ ಎಂಬ ಅಪರೂಪದ ರಕ್ತಗುಂಪಿನ ಬಗ್ಗೆ ಎರಡು ಸಾಲುಗಳಿವೆ. ಮುದ್ರಕರು ನಾಳೆ ಮಧ್ಯಾಹ್ನದೊಳಗೆ ಪಠ್ಯವನ್ನು ಕೇಳಿದ್ದಾರೆ. ಶಾಲೆಯ ಮಕ್ಕಳೂ ರಕ್ತ ಕೊಡಲು ಬರುವ ಹಿರಿಯರೂ ನಿಂತು ಓದಬಲ್ಲ ತಲೆಬರಹ ಬೇಕಾಗಿದೆ.

ಸಿದ್ದಾಪುರದಿಂದ

‘ಜನಸಂಖ್ಯೆ’ ಎಂದರೆ ಜನರ ಎಣಿಕೆ, ಎಣಿಕೆಗೆ ರಕ್ತವಿರುವುದಿಲ್ಲ. ‘ರೂಪಾಂತರ’ವನ್ನು ಕೊರೊನಾ ಕಾಲದ ಪತ್ರಿಕೆಗಳು ವೈರಸ್ಸಿಗೆ ಬರೆದುಕೊಟ್ಟಾಗಿದೆ. ಎರಡನ್ನೂ ತೆಗೆಯಿರಿ.

ಕುಮಟಾದಿಂದ

ತೆಗೆಯಬೇಕಾದದ್ದು ಎರಡೇ ಅಲ್ಲ. ‘ರಕ್ತ’ ಎಂಬುದು ‘ರಂಜ್’ ಧಾತುವಿನಿಂದ ಬಂದ, ಬಣ್ಣವೇರಿದ್ದು, ಕೆಂಪಾದದ್ದು ಎಂಬರ್ಥದ ಸಂಸ್ಕೃತ ವಿಶೇಷಣ. ತುಳುವರ ನೆತ್ತೆರ್, ತೆಲುಗರ ನೆತ್ತುರು, ನಮ್ಮ ನೆತ್ತರು ಮೂರೂ ಒಂದೇ ಬೇರಿನವಾಗಿರುವಾಗ, ಮನೆಯ ಮಾತನ್ನು ಹೊರಗಿಟ್ಟು ಎರವಲಿನದನ್ನು ಜಗಲಿಯಲ್ಲಿ ಕೂರಿಸುವ ಹಟ ಏಕೆಂದು ನನಗೆ ತಿಳಿಯುವುದಿಲ್ಲ. ಜೀನಿಗೆ ‘ಪೀಳಿಗೆ’ಯಿಂದ ತೆಗೆದ ‘ಪೀಳಿ’ ಎಂಬ ಪದವನ್ನು, ಸಂಸ್ಕೃತದ ಎರವಲನ್ನು ಕಡಿಮೆ ಮಾಡಿ ಬರೆಯುವ ‘ಎಲ್ಲರ ಕನ್ನಡ’ದವರು ಆಗಲೇ ಬಳಸುತ್ತಿದ್ದಾರೆ. ವೇರಿಯೇಷನ್ನಿಗೆ ‘ಬೇರ್ಮೆ’ ಸಾಕು. ಪಾಪ್ಯುಲೇಶನ್ನಿಗೆ ಕರಾವಳಿಯಲ್ಲಿ ‘ಬಳಿ’ ಎಂಬ ಒಳ್ಳೆಯ ಮಾತಿದೆ. ಹೀಗೆ ಬರೆಯಿರಿ: ‘ಬಳಿಯೊಳಗಿನ ನೆತ್ತರ ಗುಂಪುಗಳ ಪೀಳಿಬೇರ್ಮೆ’. ಕೊನೆಯ ಸಾಲುಗಳಲ್ಲಿ ‘ಬಾಂಬೆ’ ಎಂಬುದನ್ನು ‘ಮುಂಬಯಿ’ ಎಂದು ತಿದ್ದಿಕೊಳ್ಳಿ. ಕನ್ನಡದಲ್ಲಿ ಆ ಊರಿನ ಹೆಸರು ಮುಂಬಯಿ.

ಅಂಕೋಲೆಯಿಂದ

‘ಬಳಿ’ ಖಂಡಿತ ಬೇಡ. ಹಾಲಕ್ಕಿ ಒಕ್ಕಲಿಗರನ್ನು ಕೇಳಿ ನೋಡಿ: ಒಂದೇ ಬಳಿಯವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವ ಸಂಬಂಧವೇ ಇಲ್ಲ. ತಳಿವಿಜ್ಞಾನದವರು ಪಾಪ್ಯುಲೇಶನ್ ಎನ್ನುವುದು ತಮ್ಮೊಳಗೆ ಕೊಟ್ಟು ತರುವವರ ಬಳಗಕ್ಕೆ. ಅಂದರೆ ತಾವು ಸೂಚಿಸಿದ ಪದ ಬೇಕಾದ ಅರ್ಥಕ್ಕೆ ನೇರ ವಿರುದ್ಧವಾಗಿದೆ. ಫಲಕ ನಿಲ್ಲುವುದು ಶಿರಸಿಯಲ್ಲಿ, ಓದುವವರಲ್ಲಿ ಬಳಿ ತಿಳಿದವರೇ ಹೆಚ್ಚು. ಹಾಗೆಂದು ‘ಸಮುದಾಯ’ ಎಂದು ಬರೆದರೂ ತೊಡಕಿದೆ, ಏಕೆಂದರೆ ಈಗಿನ ಪತ್ರಿಕೆಗಳಲ್ಲಿ ಆ ಪದ ಜಾತಿಗೆ ಸಭ್ಯ ಹೆಸರಾಗಿಬಿಟ್ಟಿದೆ. ‘ಜನಸಮೂಹ’ ನಿರಪಾಯ.

ಇನ್ನು ‘ಪೀಳಿ’ಯ ವಿಷಯ. ಕಾರವಾರದ ಕಡೆಯ ಕೊಂಕಣಿಯಲ್ಲಿಯೂ ತಲೆಮಾರಿಗೆ ‘ಪಿಳಗಿ’ ಎನ್ನುತ್ತಾರೆ. ಯಾರು ಯಾರಿಂದ ಪಡೆದರೆಂಬ ಜಗಳವನ್ನು ನಾನು ತೆಗೆಯುವುದಿಲ್ಲ, ಆದರೆ ‘ಪೀಳಿ’ಯನ್ನು ಅಪ್ಪಟವೆಂದು ಎದೆ ತಟ್ಟಿಕೊಳ್ಳುವ ಮೊದಲು ಕಾಳಿ ನದಿಯ ಆಚೆ ಒಮ್ಮೆ ಕಿವಿಗೊಡುವುದು ಒಳ್ಳೆಯದು.

ಕಾರವಾರದಿಂದ

ಪದವನ್ನು ಆರಿಸುವ ಮುನ್ನ ಫಲಕ ಏನನ್ನು ತೋರಿಸುತ್ತದೆಂದು ನೋಡಬೇಕು. ಇಲ್ಲಿ ತಲೆಬರಹ ಒಂದನ್ನು ಹೇಳುತ್ತಿದೆ, ಕೋಷ್ಟಕ ಇನ್ನೊಂದನ್ನು ಹೇಳುತ್ತಿದೆ. ರಕ್ತಗುಂಪು ಪರೀಕ್ಷೆಯಲ್ಲಿ ಕಾಣುವ ಲಕ್ಷಣ, ಜೀನ್ ಅದರ ಹಿಂದಿರುವ ಕಾರಣ. ಒಂಬತ್ತನೆಯ ವರ್ಣತಂತುವಿನ ಮೇಲಿರುವ ಒಂದೇ ಜೀನಿಗೆ ಎ, ಬಿ, ಓ ಎಂಬ ಮೂರು ಮುಖ್ಯ ರೂಪಗಳಿದ್ದು, ಎ ರೂಪದ ಕಿಣ್ವವು ಕೆಂಪು ರಕ್ತಕಣದ ಮೇಲಿನ ಸಕ್ಕರೆಯ ಸರಪಳಿಗೆ ಅಸಿಟೈಲ್ ಗ್ಯಾಲಕ್ಟೋಸಮೈನನ್ನೂ ಬಿ ರೂಪದ ಕಿಣ್ವವು ಗ್ಯಾಲಕ್ಟೋಸನ್ನೂ ಜೋಡಿಸುತ್ತವೆ. ಓ ರೂಪದಲ್ಲಿ ಸಾಮಾನ್ಯವಾಗಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುವುದರಿಂದ ಕಿಣ್ವ ಕೆಲಸಕ್ಕೆ ಬಾರದಂತಾಗಿ ಸರಪಳಿಗೆ ಏನೂ ಸೇರುವುದಿಲ್ಲ. ಪ್ರತಿಯೊಬ್ಬರಲ್ಲಿಯೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎ ಗುಂಪಿನ ಮನುಷ್ಯನಲ್ಲಿ ಎರಡೂ ಎ ಇರಬಹುದು, ಒಂದು ಎ ಒಂದು ಓ ಇರಬಹುದು. ಕಾರ್ಡಿನ ಮೇಲೆ ಎರಡಕ್ಕೂ ಒಂದೇ ಅಕ್ಷರ. ಆದ್ದರಿಂದ ಎ-ಓ ತಂದೆಗೂ ಬಿ-ಓ ತಾಯಿಗೂ ಎ, ಬಿ, ಎಬಿ, ಓ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಲ್ಲರು.

‘ತಳಿ’ ಇಲ್ಲಿ ಸಲ್ಲದಿರುವುದಕ್ಕೆ ಇದೇ ಕಾರಣ. ತಳಿವಿಜ್ಞಾನ ಎಂಬ ಶಾಸ್ತ್ರದ ಹೆಸರಿಗೆ ನನ್ನ ಆಕ್ಷೇಪವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ತಳಿ ಎಂದರೆ ದನದ್ದು, ಭತ್ತದ್ದು. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಂಡು ಬೆಳೆಯುವ ಕಗ್ಗ ಒಂದು ತಳಿ. ಮನುಷ್ಯರ ರಕ್ತದ ಮುಂದೆ ಅದೇ ಪದವನ್ನು ಕಂಡವರು ಯಾವ ಜಾತಿಗೆ ಯಾವ ಗುಂಪು ಎಂದು ಹುಡುಕಲು ತೊಡಗುತ್ತಾರೆ. ನಾಲ್ಕೂ ಗುಂಪುಗಳು ಒಂದೇ ಮನೆಯೊಳಗೆ ಇರಬಲ್ಲವೆಂದು ಕಲಿಸಬೇಕಾದ ಫಲಕ ಆಗ ತದ್ವಿರುದ್ಧವನ್ನು ಕಲಿಸುತ್ತದೆ. ಜನಸಮೂಹಗಳ ನಡುವೆ ವ್ಯತ್ಯಾಸವಿಲ್ಲವೆಂದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಗ್ರೀಸಿನ ಸಲೋನಿಕಾದಲ್ಲಿ ಸೇರಿದ್ದ ಹಲವು ದೇಶಗಳ ಸೈನಿಕರ ರಕ್ತವನ್ನು ಪರೀಕ್ಷಿಸಿದ ಹಿರ್ಷ್‌ಫೆಲ್ಡ್ ದಂಪತಿಗಳು, ಬಿ ಗುಂಪಿನ ಪಾಲು ಯುರೋಪಿನವರಲ್ಲಿ ಕಡಿಮೆ, ಭಾರತೀಯರಲ್ಲಿ ಹೆಚ್ಚು ಎಂಬುದನ್ನು 1919ರಲ್ಲಿ ಪ್ರಕಟಿಸಿದರು. ಆದರೆ ಅಲ್ಲಿ ಬೇರೆಯಾದದ್ದು ಪಾಲು ಮಾತ್ರ, ಗುಂಪುಗಳು ಎಲ್ಲೆಡೆಯೂ ಅವೇ.

ಈಗ ಕೋಷ್ಟಕಕ್ಕೆ ಬರೋಣ. ಒಂದು ಜನಸಮೂಹದಲ್ಲಿ ನೂರಕ್ಕೆ 36 ಮಂದಿ ಓ ಗುಂಪಿನವರಿದ್ದಾರೆಂದು ಇಟ್ಟುಕೊಂಡರೆ, ಮದುವೆಗಳು ರಕ್ತಗುಂಪನ್ನು ನೋಡದೆ ನಡೆಯುತ್ತವೆಂಬ ಒಪ್ಪಂದದ ಮೇಲೆ, ಓ ರೂಪದ ಜೀನಿನ ಪಾಲು ನೂರಕ್ಕೆ 60 ಆಗುತ್ತದೆ, 0.6ನ್ನು 0.6ರಿಂದ ಗುಣಿಸಿದರೆ 0.36. ಹಾರ್ಡಿ ಮತ್ತು ವೈನ್‌ಬರ್ಗ್ 1908ರಲ್ಲಿ ತೋರಿಸಿದ ಈ ಲೆಕ್ಕವನ್ನೇ ಹಿಡಿದು ಗಣಿತಜ್ಞ ಬರ್ನ್‌ಸ್ಟೈನ್ 1920ರ ದಶಕದಲ್ಲಿ, ರಕ್ತಗುಂಪುಗಳ ಹಿಂದಿರುವುದು ಒಂದೇ ಜೀನಿನ ಮೂರು ರೂಪಗಳೆಂದು ಸ್ಥಾಪಿಸಿದ. ನಿಮ್ಮ ಕೋಷ್ಟಕದಲ್ಲಿರುವುದು 36ರ ಬಗೆಯ ಅಂಕಿ, ತಲೆಬರಹ ಮಾತನಾಡುತ್ತಿರುವುದು 60ರ ಬಗೆಯದನ್ನು. ಎರಡಕ್ಕೂ ಒಂದೇ ಪದ ಹೊಂದದು. ಕೋಷ್ಟಕದ ಮೇಲೆ ‘ರಕ್ತಗುಂಪುಗಳ ಹಂಚಿಕೆ’ ಎಂದಿರಲಿ, ತಲೆಬರಹದಲ್ಲಿ ‘ಆನುವಂಶಿಕ ವೈವಿಧ್ಯ’ ಎಂದಿರಲಿ. ‘ಭಿನ್ನತೆ’ಯಲ್ಲಿ ಒಡಕಿನ ಧ್ವನಿಯಿದೆ, ‘ಪ್ರಭೇದ’ ಜೀವಶಾಸ್ತ್ರದಲ್ಲಿ ಸ್ಪೀಶೀಸ್ ಎಂಬ ಬೇರೆ ಕೆಲಸಕ್ಕೆ ಹೋಗಿದೆ. ‘ಬಹುರೂಪತೆ’ ಶಾಸ್ತ್ರಕ್ಕೆ ಹತ್ತಿರದ ಮಾತು, ಆದರೆ ಅದನ್ನು ವಿವರಿಸಲು ಇನ್ನೊಂದು ಫಲಕ ಬೇಕಾದೀತು.

ಸಿದ್ದಾಪುರದಿಂದ

‘ಆನುವಂಶಿಕ’ ಎಂದೊಡನೆ ಜನ ‘ಕಾಯಿಲೆ’ ಎಂದು ಸೇರಿಸಿಕೊಂಡು ಓದುತ್ತಾರೆ. ಆದರೂ ಶಾಲೆಯ ಪುಸ್ತಕದಲ್ಲಿ ಅದೇ ಇರುವುದರಿಂದ ಒಪ್ಪಿಕೊಳ್ಳುತ್ತೇನೆ. ‘ಪೀಳಿಬೇರ್ಮೆ’ಯನ್ನು ಒಪ್ಪುವುದಿಲ್ಲ.

ಕುಮಟಾದಿಂದ

ಬಳಿಯನ್ನು ಬಿಟ್ಟೆ. ನೆತ್ತರನ್ನು ಬಿಡುವುದಿಲ್ಲ. ‘ರಕ್ತದಾನ’ ರೂಢಿಗೆ ಬಂದಿದೆಯೆಂದು ವಾದಿಸುವವರು, ರೂಢಿಯನ್ನು ಮಾಡಿದವರೂ ಮನುಷ್ಯರೇ ಎಂಬುದನ್ನು ಮರೆಯಬಾರದು. ಸಂಸ್ಕೃತದಿಂದ ಹತ್ತು, ಇಂಗ್ಲಿಷಿನಿಂದ ಹತ್ತು ತಂದು ನಡುವೆ ‘ಗಳ’, ‘ಒಳಗೆ’ ಎಂದು ಬೆಸೆದರೆ ಅದು ಕನ್ನಡವಾಗುವುದಿಲ್ಲ. ಇನ್ನು ‘ಓ’ ಎಂಬ ಅಕ್ಷರ. ರಕ್ತಗುಂಪುಗಳನ್ನು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ 1901ರಲ್ಲಿ ಆ ಗುಂಪನ್ನು ‘ಸಿ’ ಎಂದು ಕರೆದಿದ್ದ, ಆಮೇಲೆ ಅದು ‘ಓ’ ಆಯಿತು. ಯುರೋಪಿನ ಕೆಲವೆಡೆ ಈಗಲೂ ಸೊನ್ನೆ ಬರೆಯುತ್ತಾರೆ. ಅವರು ಬದಲಿಸಬಹುದಾದರೆ ನಾವೇಕೆ ಕನ್ನಡದ ಸೊನ್ನೆಯನ್ನು ಬರೆಯಬಾರದು?

ಕಾರವಾರದಿಂದ

ಬರೆಯಬಾರದು, ಏಕೆಂದರೆ ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಪಕ್ಕದಲ್ಲಿ ಕೂಡಿಸುವ ಚಿಹ್ನೆಯಿಟ್ಟರೆ ಅದು ಲೆಕ್ಕದ ಪುಸ್ತಕವಾಗುತ್ತದೆ. ರಕ್ತದ ಚೀಲದ ಮೇಲೆ, ಆಸ್ಪತ್ರೆಯ ಚೀಟಿಯಲ್ಲಿ, ದಾನಿಯ ಕಾರ್ಡಿನಲ್ಲಿ ಇರುವ ಹೆಸರೇ ಫಲಕದಲ್ಲಿಯೂ ಇರಬೇಕು. ಎರವಲಿನ ತತ್ತ್ವವನ್ನು ಮುಂದಿನ ವಾರವೂ ಚರ್ಚಿಸಬಹುದು, ತಪ್ಪು ಗುಂಪಿನ ರಕ್ತವನ್ನು ಏರಿಸಿದ ಮೇಲೆ ಚರ್ಚೆಗೆ ಏನೂ ಉಳಿಯುವುದಿಲ್ಲ.

‘ಬಾಂಬೆ ಗುಂಪು’ ಉಳಿಯಬೇಕಾದದ್ದೂ ಇದಕ್ಕಾಗಿಯೇ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಅದನ್ನು ವರದಿ ಮಾಡಿದಾಗ ನಮ್ಮ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲಿಯೇ ಇತ್ತು; 1862ರಿಂದ 1956ರವರೆಗೆ ನಮ್ಮ ಕಾಗದಪತ್ರಗಳು ಹೋಗುತ್ತಿದ್ದದ್ದು ಅಲ್ಲಿಗೇ. ಹಾಗಾಗಿ ಮುಂಬಯಿ ಎಂಬ ರೂಪದ ಮೇಲೆ ನನಗೂ ಮಮತೆಯಿದೆ. ಆದರೆ ಈ ಗುಂಪಿನವರಲ್ಲಿ ಎ, ಬಿ ಸಕ್ಕರೆಗಳು ಕೂರಬೇಕಾದ ಎಚ್ ಎಂಬ ತಳಪಾಯವೇ ಇರುವುದಿಲ್ಲ. ಎ ಜೀನ್ ಇದ್ದರೂ ಎ ಗುಂಪು ಕಾಣಿಸದು, ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಬರುತ್ತದೆ. ಓ ರಕ್ತವನ್ನು ಕೊಟ್ಟರೂ ಅವರ ದೇಹ ಒಪ್ಪುವುದಿಲ್ಲ, ಏಕೆಂದರೆ ಅವರಲ್ಲಿ ಎಚ್‌ಗೆ ಎದುರಾದ ಪ್ರತಿಕಾಯಗಳಿರುತ್ತವೆ. ಅವರಿಗೆ ಅವರದೇ ಗುಂಪಿನ ದಾನಿ ಬೇಕು. ಭಾರತದಲ್ಲಿ ಇಂಥವರು ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಅಷ್ಟು ವಿರಳವಾದವರನ್ನು ಹುಡುಕುವಾಗ ಹೆಸರು ಎರಡಾಗಬಾರದು. ಮೇಲಾಗಿ, ಜೀನಿಗೂ ಗುಂಪಿಗೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಿಮ್ಮ ಫಲಕಕ್ಕೆ ಸಿಗಲಾರದು. ಎರಡು ಸಾಲನ್ನು ನಾಲ್ಕು ಮಾಡಿ.

ಶಿರಸಿಯಿಂದ

ಎಲ್ಲರಿಗೂ ವಂದನೆಗಳು. ತಲೆಬರಹ: ‘ಒಂದು ಜನಸಮೂಹದೊಳಗೆ ರಕ್ತಗುಂಪುಗಳ ಆನುವಂಶಿಕ ವೈವಿಧ್ಯ’. ಕೋಷ್ಟಕದ ಮೇಲೆ: ‘ರಕ್ತಗುಂಪುಗಳ ಹಂಚಿಕೆ, ನೂರಕ್ಕೆ ಎಷ್ಟು ಮಂದಿ’. ‘ಬಾಂಬೆ ಗುಂಪು’ ಹಾಗೆಯೇ ಇರುತ್ತದೆ, ವಿವರಣೆ ನಾಲ್ಕು ಸಾಲಾಗಿದೆ. ‘ನೆತ್ತರು’ ತಲೆಬರಹಕ್ಕೆ ಬಂದಿಲ್ಲವಾದರೂ ಶಿಬಿರದ ಬಾಗಿಲಿನ ಬರಹಕ್ಕೆ ಅದನ್ನು ಬಳಸಬಹುದೇ ಎಂದು ಸಹೋದ್ಯೋಗಿಗಳನ್ನು ಕೇಳುತ್ತೇನೆ.

ಕುಮಟಾದಿಂದ

ಬಾಗಿಲಿನಲ್ಲಿ ಬೇಡ. ‘ನೆತ್ತರು ಕೊಡಿ’ ಎಂದು ಬರೆದರೆ ಒಳಗೆ ಯಾರೂ ಬರುವುದಿಲ್ಲ.